ಪೋಕ್ಸೊ: ಕಾನೂನಿಗೆ ಬಲ ಬರುವುದು ಎಲ್ಲಿಂದ?

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುದ್ದಿ ಬಂದಾಗಲೆಲ್ಲ ಕಾನೂನು ಇನ್ನಷ್ಟು ಬಿಗಿಯಾಗಬೇಕೆಂಬ ಕೂಗು ಏಳುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ 2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ ಜಾರಿಗೆ ಬಂದ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆ ಈಗಾಗಲೇ ಸಾಕಷ್ಟು ಬಿಗಿಯಾಗಿದೆ. ಅದು ಮಕ್ಕಳ ನೆರವಿಗೆ ಬಾರದಂತೆ ಅಡ್ಡ ನಿಂತಿರುವುದು ಬಹುಮಟ್ಟಿಗೆ ನಮ್ಮ ತಪ್ಪು ತಿಳಿವಳಿಕೆಗಳು.

ತಪ್ಪು ಕಲ್ಪನೆ 1: ಅಪಾಯ ಇರುವುದು ಅಪರಿಚಿತರಿಂದ.
ವಾಸ್ತವ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳ ಪ್ರಕಾರ, ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ. ಬಂಧುಗಳು, ನೆರೆಯವರು, ಮನೆಗೆ ಬಂದುಹೋಗುವ ಸ್ನೇಹಿತರು. ಅದಕ್ಕೇ ಬಂಧುಗಳು, ಪೊಲೀಸರು, ಶಾಲೆ ಮತ್ತು ಆಸ್ಪತ್ರೆಯ ಸಿಬ್ಬಂದಿ ಎಸಗುವ ಕೃತ್ಯವನ್ನು ಕಾಯ್ದೆ ಹೆಚ್ಚು ಗಂಭೀರವೆಂದು ಪರಿಗಣಿಸುತ್ತದೆ.

ತಪ್ಪು ಕಲ್ಪನೆ 2: ಇದು ಹೆಣ್ಣುಮಕ್ಕಳ ಸಮಸ್ಯೆ.
ವಾಸ್ತವ: 18 ವರ್ಷ ತುಂಬದ ಎಲ್ಲರೂ ಕಾಯ್ದೆಯ ಕಣ್ಣಿನಲ್ಲಿ ಮಕ್ಕಳು. 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಪ್ರಕಟಿಸಿದ ಅಧ್ಯಯನದಲ್ಲಿ ದೌರ್ಜನ್ಯವನ್ನು ಹೇಳಿಕೊಂಡ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಮಕ್ಕಳು. ‘ಗಂಡಸು ಅಳಬಾರದು’ ಎಂದು ಕಲಿಸಿದ ಮನೆಯಲ್ಲಿ ಹುಡುಗ ತನ್ನ ನೋವನ್ನು ಯಾರ ಬಳಿ ಹೇಳಿಕೊಳ್ಳಬೇಕು?

ತಪ್ಪು ಕಲ್ಪನೆ 3: ಗಾಯವಾಗದಿದ್ದರೆ, ಬಟ್ಟೆಯ ಮೇಲಿಂದ ಮುಟ್ಟಿದರೆ ಅಪರಾಧವಲ್ಲ.
ವಾಸ್ತವ: ಚರ್ಮಕ್ಕೆ ಚರ್ಮ ತಾಗಿದರೆ ಮಾತ್ರ ಲೈಂಗಿಕ ಹಲ್ಲೆ ಎಂಬ ಬಾಂಬೆ ಹೈಕೋರ್ಟ್‌ನ ವ್ಯಾಖ್ಯಾನವನ್ನು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ತಳ್ಳಿಹಾಕಿತು. ಮುಖ್ಯವಾದದ್ದು ಮುಟ್ಟಿದವನ ಲೈಂಗಿಕ ಉದ್ದೇಶ. ಅಶ್ಲೀಲ ಮಾತು, ಸನ್ನೆ, ಮಗುವನ್ನು ಬೆನ್ನುಹತ್ತುವುದು ಕೂಡ ಶಿಕ್ಷಾರ್ಹ.

ತಪ್ಪು ಕಲ್ಪನೆ 4: ಪಕ್ಕದ ಮನೆಯ ವಿಷಯ ನಮಗೇಕೆ?
ವಾಸ್ತವ: ಅಪರಾಧ ನಡೆದದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 19ನೇ ಸೆಕ್ಷನ್. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಸಿಬ್ಬಂದಿಯ ಕೃತ್ಯವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ.

ತಪ್ಪು ಕಲ್ಪನೆ 5: ದೂರು ಕೊಟ್ಟರೆ ಮಗು ಠಾಣೆ, ಕೋರ್ಟು ಅಲೆಯಬೇಕು, ಮಾನ ಹೋಗುತ್ತದೆ.
ವಾಸ್ತವ: ಹೇಳಿಕೆಯನ್ನು ಮಗುವಿನ ಮನೆಯಲ್ಲೇ ಅಥವಾ ಅದು ಬಯಸಿದಲ್ಲಿ ಪಡೆಯಬೇಕು. ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ತೊಟ್ಟಿರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಚಾರಣೆ ಮುಚ್ಚಿದ ಕೋಣೆಯಲ್ಲಿ, ಆರೋಪಿ ಕಣ್ಣಿಗೆ ಬೀಳದಂತೆ ನಡೆಯಬೇಕು. ಮಗುವಿನ ಹೆಸರು, ಶಾಲೆ, ವಿಳಾಸ ಪ್ರಕಟಿಸುವುದು ಮಾಧ್ಯಮಗಳಿಗೂ ಅಪರಾಧ. ಇವೆಲ್ಲ ಯಾರೋ ತೋರುವ ದಯೆಯಲ್ಲ, ಮಗುವಿನ ಹಕ್ಕು. ಪಾಲಿಸದಿದ್ದರೆ ಧೈರ್ಯವಾಗಿ ಕೇಳಿ.

ತಪ್ಪು ಕಲ್ಪನೆ 6: ಹಿರಿಯರು ಕೂತು ರಾಜಿ ಮಾಡಿದರೆ ಮುಗಿಯಿತು.
ವಾಸ್ತವ: ಶಿಕ್ಷಕನೊಬ್ಬ ಆರೋಪಿಯಾಗಿದ್ದ ಪ್ರಕರಣದಲ್ಲಿ, ಬಾಲಕಿಯ ತಂದೆಯೊಂದಿಗೆ ಆದ ರಾಜಿಯನ್ನು ಒಪ್ಪಿ ರಾಜಸ್ಥಾನ ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ಬದಿಗೊತ್ತಿತು. ಇದು ಎರಡು ಮನೆಗಳ ಜಗಳವಲ್ಲ, ಸಮಾಜದ ವಿರುದ್ಧದ ಅಪರಾಧ.

ತಪ್ಪು ಕಲ್ಪನೆ 7: ಗಲ್ಲುಶಿಕ್ಷೆ ಇದ್ದರೆ ಎಲ್ಲವೂ ನಿಲ್ಲುತ್ತದೆ.
ವಾಸ್ತವ: ಗಲ್ಲುಶಿಕ್ಷೆ ಈಗಾಗಲೇ ಇದೆ. ಅತಿ ಗಂಭೀರ ಕೃತ್ಯಗಳಿಗೆ 2019ರ ತಿದ್ದುಪಡಿ ಕನಿಷ್ಠ 20 ವರ್ಷ ಜೈಲು, ಗರಿಷ್ಠ ಮರಣದಂಡನೆ ವಿಧಿಸಿತು. ಆದರೆ ಆರೋಪಿ ಸ್ವಂತ ಮಾವನೋ ಚಿಕ್ಕಪ್ಪನೋ ಆಗಿದ್ದಾಗ, ನೇಣಿನ ಭಯವೇ ಮನೆಯವರ ಬಾಯಿ ಕಟ್ಟಿಬಿಡಬಹುದು. ಆದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕೆಂದು ಕಾಯ್ದೆಯೇ ಹೇಳಿದ್ದರೂ ಎಷ್ಟೋ ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ. ಅಪರಾಧಿ ಹೆದರುವುದು ಪುಸ್ತಕದಲ್ಲಿರುವ ಶಿಕ್ಷೆಗಲ್ಲ, ತಪ್ಪದೆ ಬೇಗ ಬರುವ ಶಿಕ್ಷೆಗೆ.

ಹಾಗಾಗಿ ಕಾನೂನನ್ನು ಬಲಪಡಿಸಬೇಕೆಂದರೆ ಸರ್ಕಾರ ಸಾಕಷ್ಟು ವಿಶೇಷ ನ್ಯಾಯಾಲಯಗಳನ್ನು, ತರಬೇತಿ ಪಡೆದ ತನಿಖಾಧಿಕಾರಿಗಳನ್ನು, ಮಗುವಿನ ಜೊತೆ ಕೊನೆತನಕ ನಿಲ್ಲುವ ಸಹಾಯಕರನ್ನು ಒದಗಿಸಬೇಕು. ನಮ್ಮ ಪಾಲಿನ ಕೆಲಸ ಇನ್ನೂ ಸರಳ: ಮಗು ಹೇಳಿದ್ದನ್ನು ನಂಬಿ. ‘ತಪ್ಪು ನಿನ್ನದಲ್ಲ’ ಎಂದು ಹೇಳಿ. ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ 112ಕ್ಕೆ ಕರೆ ಮಾಡಿ.