ಕಂಕನಾಡಿಯ ಪಾದ್ರಿ ಬಾಯಿಬಿಡದೆ ಹೇಳಿದ ಉಪದೇಶ

ಉಪದೇಶಕ್ಕೆ ನಮ್ಮೂರಲ್ಲಿ ಯಾವತ್ತೂ ಬರಗಾಲ ಬಂದದ್ದಿಲ್ಲ. ಬೆಳಿಗ್ಗೆ ಮೈಕಿನಲ್ಲಿ ಒಬ್ಬರದು, ಮಧ್ಯಾಹ್ನ ಸಭೆಯಲ್ಲಿ ಇನ್ನೊಬ್ಬರದು, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೈಗೆ ತುರುಕುವ ಚೀಟಿಯಲ್ಲಿ ಮತ್ತೊಬ್ಬರದು. ಕೇಳಿ ನಡೆದವರು ಎಷ್ಟು ಮಂದಿ ಎಂಬ ಲೆಕ್ಕ ಮಾತ್ರ ಯಾರ ಹತ್ತಿರವೂ ಇಲ್ಲ. ಅಂಗಡಿ ಇಟ್ಟವರಿಗೆ ಇದರ ಗುಟ್ಟು ಗೊತ್ತು. ಬೋರ್ಡು ಎಷ್ಟು ದೊಡ್ಡದಾದರೇನು, ಗಿರಾಕಿಯ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆ.

ಕ್ರೈಸ್ತ ಬಂಧುಗಳಿಗೆ ಈ ವಿಚಾರದಲ್ಲಿ ಒಂದು ಪೇಚು ಉಂಟು. ಹಚ್ಚಿದ ದೀಪವನ್ನು ಮುಚ್ಚಿಡಬೇಡಿ, ನಿಮ್ಮ ಬದುಕು ನಾಲ್ಕು ಜನಕ್ಕೆ ಕಾಣಲಿ ಅಂತ ಯೇಸು ಒಂದು ಕಡೆ ಹೇಳಿದ. ಅದೇ ಬೆಟ್ಟದ ಪ್ರಸಂಗದಲ್ಲಿ, ಇನ್ನೊಂದು ಕಡೆ, ಧರ್ಮ ಮಾಡುವಾಗ ತುತ್ತೂರಿ ಊದಬೇಡಿ, ಒಂದು ಕೈ ಕೊಟ್ಟದ್ದು ಇನ್ನೊಂದು ಕೈಗೂ ತಿಳಿಯದಿರಲಿ ಎಂದ. ಹಾಗಾದರೆ ತೋರಿಸಬೇಕೋ, ಅಡಗಿಸಬೇಕೋ? ಪಂಡಿತರು ಇದಕ್ಕೆ ಪುಟಗಟ್ಟಲೆ ಬರೆದಿದ್ದಾರೆ. ನಮಗೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ. ಸ್ಟೇಟ್‌ಬ್ಯಾಂಕಿನಲ್ಲಿ ಸಿಟಿ ಬಸ್ ಹತ್ತಿ ಕಂಕನಾಡಿಗೆ ಟಿಕೆಟ್ ತೆಗೆದರೆ ಸಾಕು.

ಮೇಷ್ಟ್ರ ಗುಳಿಗೆ ಪೆಟ್ಟಿಗೆ

ಕಂಕನಾಡಿಯ ದೊಡ್ಡ ಆಸ್ಪತ್ರೆಯ ಹೆಸರು ಫಾದರ್ ಮುಲ್ಲರ್. ದಿನಾ ಸಾವಿರಾರು ಜನರ ಬಾಯಲ್ಲಿ ಬರುವ ಹೆಸರು. ಈ ಮುಲ್ಲರ್ ಯಾರು ಅಂತ ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಡಾಕ್ಟರ್ ಇರಬೇಕು ಅನ್ನುವವರೂ ಇದ್ದಾರೆ.

ಅಗಸ್ಟಸ್ ಮುಲ್ಲರ್ ಜರ್ಮನಿಯವರು. ಹುಟ್ಟಿದ್ದು 1841ರಲ್ಲಿ. ಜೆಸ್ವಿತ್ ಸಭೆಗೆ ಸೇರಿದ ಪಾದ್ರಿ. 1878ರ ಡಿಸೆಂಬರ್ 31ರಂದು ಜೆಸ್ವಿತರ ಮೊದಲ ತಂಡ ಮಂಗಳೂರಿಗೆ ಬಂದಾಗ ಇವರೂ ಜೊತೆಗಿದ್ದರು. ಆಗ ನಮ್ಮದು ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆ. ರೈಲು ಬರಲು ಇನ್ನೂ 29 ವರ್ಷ ಬಾಕಿ. ಸರಕು ಬಂದರೆ ಹಡಗಿನಲ್ಲಿ, ಇಲ್ಲವೇ ಘಟ್ಟ ಇಳಿಯುವ ಗಾಡಿಯಲ್ಲಿ.

1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಮುಲ್ಲರ್ ಅಲ್ಲಿ ಪಾಠ ಹೇಳುವ ಮೇಷ್ಟ್ರು. ಹೋಮಿಯೋಪತಿ ಬಲ್ಲವರಾದ ಕಾರಣ ಊರಿಂದ ಬರುವಾಗ ಮದ್ದಿನ ಪೆಟ್ಟಿಗೆಯನ್ನೂ ತಂದಿದ್ದರು. ಜ್ವರ, ಹೊಟ್ಟೆನೋವು ಅಂತ ಬಂದ ಹುಡುಗರಿಗೆ ನಾಲ್ಕು ಗುಳಿಗೆ ಕೊಡುತ್ತಿದ್ದರು. ಹುಡುಗರು ಮನೆಯಲ್ಲಿ ಹೇಳಿದರು, ಮನೆಯವರು ನೆರೆಮನೆಯಲ್ಲಿ ಹೇಳಿದರು, ಪಾದ್ರಿಯ ಸಕ್ಕರೆ ಗುಳಿಗೆ ಊರಿಗೆಲ್ಲ ಗೊತ್ತಾಯಿತು. ಆಲದ ಮರದ ಬುಡದಲ್ಲಿ ಕೂತು ಮದ್ದು ಕೊಡುತ್ತಿದ್ದರು ಅಂತ ಹಿರಿಯರು ಹೇಳುವುದುಂಟು. 1880ರಲ್ಲೇ ಬಡವರ ಹೋಮಿಯೋಪತಿ ಔಷಧಾಲಯ ಅಂತ ಒಂದನ್ನು ತೆರೆದರು. ಇಂದಿನ ದೊಡ್ಡ ಕಟ್ಟಡಗಳಿಗೆಲ್ಲ ಅದೇ ಬೇರು.

ಆ ಬಿಳಿ ಗುಳಿಗೆಯಲ್ಲಿ ಮದ್ದಿನ ಗುಣ ಎಷ್ಟು ಎಂಬ ಬಗ್ಗೆ ಇಂದಿನ ವಿಜ್ಞಾನದವರ ತಕರಾರು ದೊಡ್ಡದೇ ಉಂಟು. ಆ ಜಗಳ ಇಲ್ಲಿ ಬೇಡ. ಯಾಕೆಂದರೆ ಮುಲ್ಲರ್ ಮಾಡಿದ ದೊಡ್ಡ ಕೆಲಸ ಗುಳಿಗೆಯದ್ದಲ್ಲ.

ಯಾರೂ ಮುಟ್ಟದವರು

ಕುಷ್ಠ ಅಂದರೆ ಆಗ ಮಹಾರೋಗ. ಹೆಸರು ಹೇಳಲೂ ಜನ ಹಿಂಜರಿಯುತ್ತಿದ್ದರು. ರೋಗ ಬಂದವನಿಗೆ ಮನೆ ಇಲ್ಲ, ಬಾವಿ ಇಲ್ಲ, ಸಂತೆ ಇಲ್ಲ, ಕೊನೆಗೆ ಹೊರಲು ನಾಲ್ಕು ಹೆಗಲೂ ಇಲ್ಲ. ಹಿಂದಿನ ಜನ್ಮದ ಪಾಪ ಅಂತ ಕೆಲವರು, ದೇವರ ಶಾಪ ಅಂತ ಕೆಲವರು. ಕ್ರೈಸ್ತರೂ ಇದಕ್ಕೆ ಹೊರತಾಗಿರಲಿಲ್ಲ. ಯುರೋಪಿನಲ್ಲೂ ಶತಮಾನಗಳ ಕಾಲ ಕುಷ್ಠರೋಗಿಗಳನ್ನು ಊರಾಚೆಯೇ ಇಟ್ಟಿದ್ದರು.

1873ರಲ್ಲಿ ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯ ಈ ರೋಗದ ಕ್ರಿಮಿಯನ್ನು ಪತ್ತೆ ಮಾಡಿದ್ದ ನಿಜ. ಆದರೆ ಗುಣಪಡಿಸುವ ಮದ್ದು ಯಾವ ಪದ್ಧತಿಯಲ್ಲೂ ಇರಲಿಲ್ಲ. ಅಂಥ ಕಾಲದಲ್ಲಿ, 1890ರಲ್ಲಿ, ಮುಲ್ಲರ್ ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠರೋಗಿಗಳ ಆಸ್ಪತ್ರೆ ತೆರೆದರು. ಗುಣವಾಗದ ರೋಗಕ್ಕೆ ಆಸ್ಪತ್ರೆ ಯಾಕೆ ಅಂತ ವ್ಯಾಪಾರಿ ಬುದ್ಧಿ ಕೇಳುತ್ತದೆ. ಗಾಯ ತೊಳೆಯಲಿಕ್ಕೆ, ಗಂಜಿ ಕೊಡಲಿಕ್ಕೆ, ಚಾಪೆ ಹಾಸಿ ಮಲಗಿಸಲಿಕ್ಕೆ. ಲಾಭ ಇಲ್ಲದ, ಹೊಗಳಿಕೆ ಸಿಗದ ಕೆಲಸ. ವಾಸನೆಯಿಂದ ಮೂಗು ಮುಚ್ಚಿಕೊಂಡು ಜನ ದೂರ ಸರಿಯುವ ಜಾಗ ಅದು. ಅಲ್ಲಿಗೆ ಬಂದು ಚಪ್ಪಾಳೆ ಹೊಡೆಯುವವರು ಯಾರು?

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಉಂಟು ನೋಡಿ. ಪಾದ್ರಿ ದೀಪವನ್ನು ಅಡಗಿಸಲೂ ಇಲ್ಲ, ಎತ್ತಿ ಹಿಡಿದು ಊರು ಸುತ್ತಲೂ ಇಲ್ಲ. ಕತ್ತಲು ಎಲ್ಲಿತ್ತೋ ಅಲ್ಲಿ ಇಟ್ಟರು. ಬೆಳಕು ಕಾಣಿಸುವ ಕೆಲಸವನ್ನು ಅದೇ ಮಾಡಿಕೊಂಡಿತು.

ಇಲಿ ಬಿದ್ದ ವರ್ಷ

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರು ಎಲ್ಲ ಕಡೆ ಹಬ್ಬಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಗಂಟುಮೂಟೆ ಕಟ್ಟಿ ಊರಾಚೆ ಗುಡಿಸಲಿಗೆ ಓಡುವುದೇ ಪರಿಹಾರ. ಗಟ್ಟಿ ಕಾಲಿದ್ದವರು ಓಡಿದರು. ಓಡಲಾಗದವರು ಉಳಿದರು. ಪ್ಲೇಗಮ್ಮನಿಗೆ ಗುಡಿ ಕಟ್ಟಿ ಕೈ ಮುಗಿದ ಊರುಗಳು ನಮ್ಮ ರಾಜ್ಯದಲ್ಲಿ ಹಲವು.

1902ರಲ್ಲಿ ಮಂಗಳೂರಿಗೂ ಅದು ಕಾಲಿಟ್ಟಿತು. ಎಲ್ಲರೂ ರೋಗದಿಂದ ದೂರ ಓಡುವಾಗ ಮುಲ್ಲರ್ ರೋಗಿಗಳಿಗಾಗಿ ಪ್ಲೇಗ್ ಆಸ್ಪತ್ರೆ ಎಬ್ಬಿಸಿದರು. ಆಗ ಅವರಿಗೆ 61 ವರ್ಷ. ನಮ್ಮಲ್ಲಿ ಆ ಪ್ರಾಯಕ್ಕೆ ಪೆನ್ಶನ್ ಬಂತೋ ಇಲ್ಲವೋ ಅಂತ ವಿಚಾರಿಸಲು ಹೋಗುತ್ತೇವೆ. ಅವರು 1910ರ ನವೆಂಬರ್ 1ರಂದು ತೀರಿಕೊಂಡರು. ಬಂದದ್ದು ಡಿಸೆಂಬರ್ ಕೊನೆಯ ದಿನ, ಹೋದದ್ದು ಕ್ರೈಸ್ತರು ಸಕಲ ಸಂತರ ಹಬ್ಬ ಆಚರಿಸುವ ದಿನ. ನಡುವೆ ಸುಮಾರು 32 ವರ್ಷ.

ತಕ್ಕಡಿಯ ಲೆಕ್ಕ

ಅಂಗಡಿಯವರಿಗೆ ಇಷ್ಟವಾಗುವ ಸಂಗತಿ ಈಗ ಕೇಳಿ. ದುಡ್ಡು ಎಲ್ಲಿಂದ ಬಂತು? ಬರೀ ದಾನದ ಡಬ್ಬಿ ಅಲ್ಲಾಡಿಸಿ ಅಲ್ಲ. ಹೋಮಿಯೋಪತಿ ಮದ್ದನ್ನು ಸೀಸೆಗೆ ತುಂಬಿ ಅಂಚೆಯಲ್ಲಿ ದೇಶದ ಮೂಲೆಮೂಲೆಗೆ ಕಳಿಸಿದರು. ಆ ಮಾರಾಟದ ಹಣ ಬಡವರ ಔಷಧಾಲಯಕ್ಕೆ, ಆಸ್ಪತ್ರೆಗೆ ಬಿತ್ತು. ಉಳ್ಳವನು ಕೊಂಡ, ಇಲ್ಲದವನಿಗೆ ಸಿಕ್ಕಿತು. ಪುಣ್ಯದ ಕೆಲಸ ನಿಲ್ಲದೆ ನಡೆಯಬೇಕಾದರೆ ಲೆಕ್ಕದ ಪುಸ್ತಕ ಸರಿ ಇರಬೇಕು ಎಂಬುದು ಮುಲ್ಲರ್ ಅವರಿಗೆ ಗೊತ್ತಿತ್ತು.

ಲೆಕ್ಕ, ಕಸುಬು ಅಂದಾಗ ಇದೇ ಊರಿನ ಬಾಸೆಲ್ ಮಿಷನ್‌ನವರ ಮಾತು ಬರಲೇಬೇಕು. ಅವರು ಪ್ರೊಟೆಸ್ಟಂಟರು, 1834ರಲ್ಲಿ ಬಂದವರು. ಅವರಲ್ಲಿ ಒಬ್ಬರಾದ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ ಕಾರಣಕ್ಕೇ ಇಂದಿಗೂ ನಾವು ಪತ್ರಿಕೆಯವರು ಆ ದಿನ ಪತ್ರಿಕಾ ದಿನ ಆಚರಿಸುವುದು. ಅವರ ಮತಕ್ಕೆ ಸೇರಿದವನಿಗೆ ಕುಲಕಸುಬು ಹೋಯಿತು, ನೆಂಟಸ್ತಿಕೆ ಹೋಯಿತು. ಪ್ರಾರ್ಥನೆ ಹೊಟ್ಟೆ ತುಂಬಿಸುವುದಿಲ್ಲವಲ್ಲ. ಹಾಗಾಗಿ ಮಗ್ಗ ಹಾಕಿದರು, ಪ್ರೆಸ್ ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ದೇಶ ವಿದೇಶದಲ್ಲಿ ಹೆಸರು ಮಾಡಿತು. ಮನೆ ಕಟ್ಟಿದವನು ಹಂಚು ಸೋರುತ್ತದೋ ಇಲ್ಲವೋ ಅಂತ ನೋಡಿದ, ಮಾಡಿದವನ ಮತ ಯಾವುದು ಅಂತ ಕೇಳಲಿಲ್ಲ. ಸರಿಯಾಗಿ ಸುಟ್ಟ ಹಂಚು ಸಹ ಒಂದು ಬಗೆಯ ಸಾಕ್ಷಿಯೇ.

“ಇದೆಲ್ಲ ಮತಾಂತರಕ್ಕಲ್ವಾ ಮಾರಾಯ್ರೇ?”

ಈ ಪ್ರಶ್ನೆ ಬರುತ್ತದೆ. ಬರಲಿ. ಮುಚ್ಚಿಡುವ ವಿಷಯ ಏನಲ್ಲ. ಪಾದ್ರಿಗಳು ಮತ ಹೇಳಲಿಕ್ಕೇ ಬಂದವರು, ಅದನ್ನು ಅವರೂ ಅಲ್ಲಗಳೆಯಲಿಲ್ಲ. ಗಾಂಧೀಜಿ ಕೂಡ ಮಿಷನರಿಗಳಿಗೆ ಮುಖಕ್ಕೆ ಹೊಡೆದಂತೆ ಹೇಳಿದ್ದರು: ರೋಗಿಯ ಸೇವೆ ಮಾಡಿ, ಆದರೆ ಅವನ ಮತದ ಮೇಲೆ ಕಣ್ಣಿಡಬೇಡಿ ಅಂತ. ಅದೇ ಗಾಂಧೀಜಿ ಸೇವಾಗ್ರಾಮದಲ್ಲಿ ಪರಚುರೆ ಶಾಸ್ತ್ರಿ ಎಂಬ ಕುಷ್ಠ ತಗುಲಿದ ಸಂಸ್ಕೃತ ಪಂಡಿತರನ್ನು ಆಶ್ರಮದಲ್ಲೇ ಇಟ್ಟುಕೊಂಡು, ತಮ್ಮ ಕೈಯಾರೆ ಅವರ ಮೈಗೆ ಎಣ್ಣೆ ತಿಕ್ಕಿ ಆರೈಕೆ ಮಾಡಿದರು. ಮುಟ್ಟುವ ಕೈಗೆ ಜಾತಿ ಮತದ ಪೇಟೆಂಟ್ ಇಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಈ ವಿಷಯದಲ್ಲಿ ನಮ್ಮೂರು ಕೆಟ್ಟ ದಿನಗಳನ್ನೂ ಕಂಡಿದೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲೂ ಸುತ್ತಲೂ ಇಗರ್ಜಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಅಂಗಡಿ ಬಾಗಿಲು ಎಳೆದುಕೊಂಡು ಒಳಗೆ ಕೂತವರಿಗೆ ಆ ದಿನಗಳು ನೆನಪಿರಬಹುದು. ಚರ್ಚೆ ಮಾಡಿ, ಪ್ರಶ್ನೆ ಕೇಳಿ, ಕಾನೂನಿದೆ, ಕೋರ್ಟಿದೆ. ಕಲ್ಲು ಮಾತ್ರ ಯಾವ ಪ್ರಶ್ನೆಗೂ ಉತ್ತರ ಅಲ್ಲ.

ಬಾರಿಪದದ ಹೆಂಗಸು

ಕಲ್ಲಿಗಿಂತ ಕೆಟ್ಟದ್ದು ನಡೆದ ಊರೂ ಒಂದಿದೆ. ಒಡಿಶಾದ ಬಾರಿಪದದಲ್ಲಿ ಗ್ರಹಾಂ ಸ್ಟೇನ್ಸ್ ಎಂಬ ಆಸ್ಟ್ರೇಲಿಯಾದವರು 1965ರಿಂದ ಇದ್ದರು. ಅವರದೂ ಕುಷ್ಠರೋಗಿಗಳ ಸೇವೆಯೇ. 1999ರ ಜನವರಿ 22ರ ರಾತ್ರಿ ಮನೋಹರಪುರ ಎಂಬ ಹಳ್ಳಿಯಲ್ಲಿ ಅವರೂ, 10 ಮತ್ತು 6 ವರ್ಷದ ಇಬ್ಬರು ಗಂಡುಮಕ್ಕಳೂ ಜೀಪಿನಲ್ಲಿ ಮಲಗಿದ್ದಾಗ ಒಂದು ಗುಂಪು ಬೆಂಕಿ ಇಟ್ಟಿತು. ಮೂವರೂ ಸುಟ್ಟುಹೋದರು.

ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಏನು ಮಾಡಿದರು? ಕೊಂದವರನ್ನು ಕ್ಷಮಿಸಿದ್ದೇನೆ, ನನಗೆ ಯಾರ ಮೇಲೂ ದ್ವೇಷ ಇಲ್ಲ ಅಂದರು. ಕೋರ್ಟಿನ ಶಿಕ್ಷೆ ಬೇರೆ, ತನ್ನ ಕ್ಷಮೆ ಬೇರೆ ಎಂಬುದನ್ನೂ ಸ್ಪಷ್ಟ ಮಾಡಿದರು. ಉಳಿದ ಒಬ್ಬಳು ಮಗಳನ್ನು ಕರೆದುಕೊಂಡು ಮರುದಿನವೇ ವಿಮಾನ ಹತ್ತಬಹುದಿತ್ತು. ಹತ್ತಲಿಲ್ಲ. 2004ರವರೆಗೆ ಅಲ್ಲೇ ಇದ್ದು, ಅದೇ ರೋಗಿಗಳ ಸೇವೆ ನಡೆಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಕ್ಷಮೆಯ ಬಗ್ಗೆ ಸಾವಿರ ಪ್ರಸಂಗ ಕೇಳಿದವರಿಗೂ ಆ ಹೆಂಗಸು ಬಾರಿಪದದಲ್ಲೇ ಉಳಿದದ್ದು ನೋಡಿ ಮಾತು ಬರಲಿಲ್ಲ. ಕ್ರೈಸ್ತರಲ್ಲದವರೇ ಹೆಚ್ಚಾಗಿ ಅದನ್ನು ನೆನೆಯುತ್ತಾರೆ.

ಈಗ ನಮ್ಮ ಬೀದಿಯ ಮಾತು

ಕಂಕನಾಡಿಯಲ್ಲಿ ಈಗ ದೊಡ್ಡ ಕಟ್ಟಡ, 1999ರಿಂದ ಮೆಡಿಕಲ್ ಕಾಲೇಜು ಎಲ್ಲ ಉಂಟು. ದೇಶದಲ್ಲಿ ಯಾವ ಮತದವರು ನಡೆಸುವ ಆಸ್ಪತ್ರೆ, ಶಾಲೆಯೇ ಆಗಲಿ, ಬೆಳೆದಂತೆಲ್ಲ ಒಂದು ಪ್ರಶ್ನೆ ಬೆನ್ನು ಹತ್ತುತ್ತದೆ: ಗೋಡೆಯ ಮೇಲೆ ಫೋಟೋ ಇರುವ ಹಿರಿಯರು ಇವತ್ತು ಬಂದರೆ ಬಿಲ್ಲಿನ ಕೌಂಟರಿನ ಯಾವ ಕಡೆ ನಿಲ್ಲುತ್ತಿದ್ದರು? ನಡೆಸುವವರು ಆಗಾಗ ಕೇಳಿಕೊಂಡರೆ ಒಳ್ಳೆಯದು. ಸ್ಥಾಪಕರ ಹೆಸರು ಬೋರ್ಡಿಗೆ ಮಾತ್ರ ಅಂತ ಆಗಬಾರದು.

ಪ್ರಶ್ನೆ ನಮಗೂ ಉಂಟು. ಕುಷ್ಠ ಇಂದು ಭಯಪಡುವ ರೋಗ ಅಲ್ಲ. 6 ತಿಂಗಳು ಅಥವಾ ಒಂದು ವರ್ಷ ಗುಳಿಗೆ ತೆಗೆದುಕೊಂಡರೆ ಪೂರ್ತಿ ಗುಣ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮದ್ದು ಪುಕ್ಕಟೆ. ಮುಟ್ಟಿದ ಮಾತ್ರಕ್ಕೆ ಬರುವುದಿಲ್ಲ, ಹೆಚ್ಚಿನವರ ಮೈಗೆ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಬೆರಳು ತಾನಾಗಿ ಕೊಳೆತು ಬೀಳುತ್ತದೆ ಎಂಬುದೂ ಸುಳ್ಳು. ನರ ಸತ್ತು ನೋವೇ ತಿಳಿಯದ್ದರಿಂದ ಸುಟ್ಟರೂ ಕೊಯ್ದರೂ ಗೊತ್ತಾಗದೆ ಗಾಯ ದೊಡ್ಡದಾಗುತ್ತದೆ. ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಯಲ್ಲಿ ಪಾಲ್ ಬ್ರ್ಯಾಂಡ್ ಎಂಬ ಡಾಕ್ಟರ್ 1940ರ ದಶಕದ ಕೊನೆಯಿಂದ ಇದನ್ನು ತೋರಿಸಿಕೊಟ್ಟು, ಮಡಚಿಹೋದ ಕೈಗಳನ್ನು ಆಪರೇಷನ್ ಮಾಡಿ ಬಿಡಿಸಿದರು.

2005ರಲ್ಲಿ ನಮ್ಮ ದೇಶ ರೋಗವನ್ನು 10,000 ಜನರಲ್ಲಿ ಒಬ್ಬನಿಗಿಂತ ಕಡಿಮೆಗೆ ಇಳಿಸಿತು. ಆದರೂ ಇತ್ತೀಚಿನ ವರ್ಷಗಳಲ್ಲೂ ವರ್ಷಕ್ಕೆ ಸುಮಾರು 1 ಲಕ್ಷ ಹೊಸ ರೋಗಿಗಳು ಪತ್ತೆಯಾಗಿದ್ದಾರೆ. ಗಂಡನಿಗೋ ಹೆಂಡತಿಗೋ ಕುಷ್ಠ ಉಂಟು ಅಂತ ವಿಚ್ಛೇದನ ಕೇಳುವ ಅವಕಾಶವನ್ನು ಕಾನೂನಿನಿಂದ ತೆಗೆದದ್ದು 2019ರಲ್ಲಿ ಅಷ್ಟೇ! ಅಂದರೆ 1890ರಲ್ಲಿ ಒಬ್ಬ ಮೇಷ್ಟ್ರಿಗೆ ಹೊಳೆದದ್ದು ಪಾರ್ಲಿಮೆಂಟಿಗೆ ಹೊಳೆಯಲು 129 ವರ್ಷ ಹಿಡಿಯಿತು.

ಚರ್ಮದ ಮೇಲೆ ಮಾಸಲು ಮಚ್ಚೆ, ಅಲ್ಲಿ ಮುಟ್ಟಿದರೂ ತಿಳಿಯುವುದಿಲ್ಲ ಅಂತಾದರೆ ಹತ್ತಿರದ ಸರ್ಕಾರಿ ಡಾಕ್ಟರಿಗೆ ತೋರಿಸಿ, ಗೊತ್ತಿದ್ದವರಿಗೂ ತಿಳಿಸಿ. ರೋಗ ಗುಣವಾಗಿ ಬೆರಳು ಮೊಂಡಾದವನು ಅಂಗಡಿಗೆ ಬಂದರೆ ಚಿಲ್ಲರೆಯನ್ನು ಮೇಜಿನ ಮೇಲೆ ಎಸೆಯಬೇಡಿ, ಕೈಗೆ ಕೊಡಿ. ಬಸ್ಸಿನಲ್ಲಿ ಪಕ್ಕಕ್ಕೆ ಕೂತರೆ ಎದ್ದು ಹೋಗಬೇಡಿ.

ಇದಕ್ಕೆ ಇಗರ್ಜಿಗೆ ಹೋಗುವವರೇ ಆಗಬೇಕು ಅಂತಿಲ್ಲ. ಹೋಗುವವರು ಮಾತ್ರ ಮೊದಲು ಮಾಡಬೇಕು. ಯಾಕೆಂದರೆ ಕಂಕನಾಡಿಯ ಪಾದ್ರಿ ಅವರವರೇ, ಊರು ನೋಡುತ್ತಿರುವುದೂ ಅವರನ್ನೇ.