ಸೋರದ ಮೆಮೊರಿಯ ಮೇಲೆ ಸೋರಿಕೆಯ ದೂರು

ಕೇಳಿ ಪಡೆದ ಮೆಮೊರಿಯನ್ನು ಹಿಂದಿರುಗಿಸದೆ, ಅದರ ವಿಳಾಸವನ್ನೂ ಕಳೆದುಕೊಳ್ಳುವುದೇ ಮೆಮೊರಿ ಸೋರಿಕೆ. ಸಾಮಾನ್ಯ ಪ್ರೋಗ್ರಾಮ್ ಹೀಗೆ ಮಾಡಿದರೆ, ಅದು ಮುಗಿದೊಡನೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಎಲ್ಲವನ್ನೂ ವಾಪಸು ಪಡೆಯುತ್ತದೆ. ಕರ್ನಲ್ಲೇ ಸೋರಿದರೆ ವಾಪಸು ಪಡೆಯುವವರು ಯಾರೂ ಇಲ್ಲ. ಯಂತ್ರವನ್ನು ರೀಬೂಟ್ ಮಾಡುವವರೆಗೆ ಆ ಜಾಗ ವ್ಯರ್ಥ.

ಲಿನಕ್ಸ್‌ನಲ್ಲಿ ಇಂಥ ಸೋರಿಕೆ ಹುಡುಕಲು ಕಟಾಲಿನ್ ಮರಿನಾಸ್ ಬರೆದ ಕೆಮೆಮ್‌ಲೀಕ್ 2009ರಲ್ಲಿ, 2.6.31ನೇ ಆವೃತ್ತಿಯಲ್ಲಿ ಕರ್ನಲ್ ಸೇರಿತು. ಕೆಮ್ಯಾಲಕ್, ವಿಮ್ಯಾಲಕ್ ಮುಂತಾದ ಫಂಕ್ಷನ್‌ಗಳು ಹಂಚಿದ ಮೆಮೊರಿ ತುಣುಕುಗಳನ್ನು ಅದು ದಾಖಲಿಸಿಕೊಳ್ಳುತ್ತದೆ. ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಎಲ್ಲ ತುಣುಕುಗಳಿಗೂ ಬಿಳಿ ಗುರುತು ಹಾಕಿ, ಕರ್ನಲ್‌ನ ದತ್ತಾಂಶ ಭಾಗವನ್ನೂ ಸ್ಟ್ಯಾಕ್‌ಗಳನ್ನೂ ಜಾಲಾಡುತ್ತದೆ. ಯಾವ ತುಣುಕಿನ ವಿಳಾಸ ಸಿಕ್ಕಿತೋ ಅದು ಬೂದು ಬಣ್ಣಕ್ಕೆ ತಿರುಗುತ್ತದೆ, ಅದರ ಒಳಗನ್ನೂ ಹುಡುಕಲಾಗುತ್ತದೆ. ಕೊನೆಗೂ ಬಿಳಿಯಾಗಿಯೇ ಉಳಿದದ್ದರ ಮೇಲೆ ದೂರು.

ವಿಳಾಸ ಕಾಣಲಿಲ್ಲ ಎಂದ ಮಾತ್ರಕ್ಕೆ ಅದು ಎಲ್ಲಿಯೂ ಇಲ್ಲ ಎಂದಲ್ಲ. ಹುಸಿ ದೂರುಗಳ ಮೂಲ ಇಲ್ಲಿದೆ. ವಿಳಾಸ ಆ ಕ್ಷಣ ಪ್ರೊಸೆಸರ್‌ನ ರಿಜಿಸ್ಟರ್‌ನಲ್ಲಿರಬಹುದು. ಹುಡುಕಾಟದ ನಡುವೆಯೇ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿರಬಹುದು. ಡ್ರೈವರ್ ಅದನ್ನು ಭೌತಿಕ ವಿಳಾಸವಾಗಿ ಬದಲಿಸಿ ಹಾರ್ಡ್‌ವೇರ್‌ಗೆ ಕೊಟ್ಟಿರಬಹುದು.

ಕ್ಷಣಿಕ ಗೊಂದಲಗಳನ್ನು ಕೆಮೆಮ್‌ಲೀಕ್ ತಾನೇ ನಿಭಾಯಿಸುತ್ತದೆ. ಹುಟ್ಟಿ 5 ಸೆಕೆಂಡ್ ಕಳೆಯದ ತುಣುಕಿನ ಮೇಲೆ ಅದು ದೂರುವುದಿಲ್ಲ. ಪ್ರತಿ ತುಣುಕಿಗೂ ಚೆಕ್‌ಸಮ್ ಲೆಕ್ಕ ಹಾಕಿಡುತ್ತದೆ. ಹಿಂದಿನ ಸಲಕ್ಕಿಂತ ಅದು ಬದಲಾಗಿದ್ದರೆ ತುಣುಕನ್ನು ಯಾರೋ ಬಳಸುತ್ತಿದ್ದಾರೆಂದು ತಿಳಿದು ತೀರ್ಪನ್ನು ಮುಂದೂಡುತ್ತದೆ. ಇದರಿಂದ ನಿಜವಾದ ಸೋರಿಕೆ ತುಸು ತಡವಾಗಿ ಬಯಲಾಗುತ್ತದೆ, ಅಷ್ಟೇ.

ಶಾಶ್ವತವಾಗಿ ಮರೆಯಲ್ಲಿರುವ ವಿಳಾಸಗಳಿಗೆ ಕೋಡ್ ಬರೆದವರೇ ಸೂಚನೆ ಕೊಡಬೇಕು. 'ನಾಟ್ ಲೀಕ್' ಎಂಬ ಸೂಚನೆ ಇದ್ದರೆ ತುಣುಕಿನ ಮೇಲೆ ದೂರು ಬರುವುದಿಲ್ಲ, ಆದರೆ ಅದರೊಳಗಿನ ವಿಳಾಸಗಳ ಹುಡುಕಾಟ ಮುಂದುವರಿಯುತ್ತದೆ. 'ಇಗ್ನೋರ್' ಎಂದರೆ ತುಣುಕು ಕಪ್ಪಾಗುತ್ತದೆ: ದೂರೂ ಇಲ್ಲ, ಹುಡುಕಾಟವೂ ಇಲ್ಲ. ಒಳಗೆ ಬೇರೆ ತುಣುಕುಗಳ ವಿಳಾಸವಿರುವಾಗ ಇಗ್ನೋರ್ ಬಳಸಿದರೆ ಒಂದು ಹುಸಿ ದೂರಿನ ಬದಲು ಹಲವು ಹುಟ್ಟುತ್ತವೆ.

ಇವೆರಡಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಪುಟಗಳ ಲೆಕ್ಕದಲ್ಲಿ ನೇರವಾಗಿ ಹಂಚಿದ ಮೆಮೊರಿಯನ್ನು ಕೆಮೆಮ್‌ಲೀಕ್ ದಾಖಲಿಸುವುದಿಲ್ಲ; ವಿಳಾಸ ಅಲ್ಲಿ ಮಾತ್ರ ಇದ್ದರೆ ಅದಕ್ಕೆ ಕಾಣದು. ಡಿಸ್ಕ್ ಕೋರಿಕೆಗಳನ್ನು ನಿರ್ವಹಿಸುವ ಲಿನಕ್ಸ್‌ನ ಬ್ಲಾಕ್ ವಿಭಾಗ ಇಂಥ ಪುಟಗಳನ್ನು ತಾನೇ ಕೆಮೆಮ್‌ಲೀಕ್‌ಗೆ ನೋಂದಾಯಿಸುತ್ತದೆ. ದೂರನ್ನು ಅಡಗಿಸದೆ ನೋಡಬೇಕಾದ ಜಾಗವನ್ನೇ ತೋರಿಸುವುದರಿಂದ ಮುಂದೆ ಅಲ್ಲಿ ನಿಜವಾಗಿ ಸೋರಿದರೂ ಪತ್ತೆಯಾಗುತ್ತದೆ. ಅವಸರದಲ್ಲಿ ಅಂಟಿಸಿದ 'ನಾಟ್ ಲೀಕ್' ಆ ಅವಕಾಶವನ್ನೇ ಕಸಿಯುತ್ತದೆ.

ಆದ್ದರಿಂದ ಸೂಚನೆ ಬರೆಯುವ ಮುನ್ನ ದೂರನ್ನು ಪರೀಕ್ಷಿಸಬೇಕು. ಪ್ರತಿ ದೂರಿನ ಜೊತೆ ತುಣುಕಿನ ಗಾತ್ರ ಮತ್ತು ಅದನ್ನು ಕೇಳಿದ ಫಂಕ್ಷನ್‌ಗಳ ಸರಣಿ ಇರುತ್ತದೆ. 'ಕ್ಲಿಯರ್' ಆಜ್ಞೆಯಿಂದ ಹಳೆಯ ದೂರುಗಳನ್ನು ಬದಿಗಿರಿಸಿ, ಅನುಮಾನದ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿ, 'ಸ್ಕ್ಯಾನ್' ಆಜ್ಞೆ ಕೊಡಬಹುದು. ಅದೇ ಸರಣಿಯ ದೂರುಗಳು ಪ್ರತಿ ಸಲವೂ ಏರುತ್ತಾ ಹೋದರೆ ಸೋರಿಕೆಯ ಶಂಕೆ ಬಲವಾಗುತ್ತದೆ. ಮುಂದಿನ ಸ್ಕ್ಯಾನ್‌ನಲ್ಲಿ ಮಾಯವಾದ ದೂರಿಗೆ ಕೋಡ್ ತಿದ್ದುವ ಅಗತ್ಯವಿಲ್ಲ.