ಬಟ್ಟೆಯಲ್ಲಿ ಕಟ್ಟಡ ಕಟ್ಟಿದವನು

ಹೊಲಿಗೆಯಲ್ಲಿ ತೋಳು ಕೂಡಿಸುವುದೇ ಕಷ್ಟದ ಕೆಲಸವೆಂಬುದನ್ನು ಮನೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡಿರುವ ಯಾವ ಗೃಹಿಣಿಯಾದರೂ ಹೇಳಬಲ್ಲಳು. ಎದೆ, ಬೆನ್ನು, ಕೊರಳು ಎಲ್ಲವೂ ಅಳತೆಗೆ ಸರಿಯಾಗಿ ಬಂದಿರುತ್ತವೆ. ಕೊನೆಯಲ್ಲಿ ತೋಳು ಜೋಡಿಸಿದಾಗ ಎಲ್ಲೋ ಒಂದೆಡೆ ಬಟ್ಟೆ ಜಗ್ಗುತ್ತದೆ, ಕೈಯೆತ್ತಿದರೆ ಕಂಕುಳು ಬಿಗಿಯುತ್ತದೆ, ರವಿಕೆಯ ಅಂಚು ಮೇಲೇರುತ್ತದೆ. ಸಾಮಾನ್ಯರು ಇಷ್ಟಾದರೆ ಸಾಕೆಂದು ಬಿಡುತ್ತಾರೆ. ಹಾಗೆ ಬಿಡಲಾರದ ಒಬ್ಬ ಮನುಷ್ಯ ಪ್ಯಾರಿಸ್ ನಗರದಲ್ಲಿದ್ದ. ಸಿದ್ಧವಾದ ಉಡುಪನ್ನು ಎದುರಿಗೆ ತರಿಸಿಕೊಂಡು, ತೋಳನ್ನು ಬಿಚ್ಚಿ, ಮತ್ತೆ ಕೂಡಿಸಿ, ಮನಸ್ಸೊಪ್ಪದಿದ್ದರೆ ಇನ್ನೊಮ್ಮೆ ಬಿಚ್ಚುತ್ತಿದ್ದ. ಆತನ ಹೆಸರು ಕ್ರಿಸ್ತೋಬಲ್ ಬಾಲೆನ್ಸಿಯಾಗ.

ತೋಳಿನ ವಿಷಯದಲ್ಲಿ ಇಷ್ಟು ಹಟವೇಕೆ? ಕಂಬ ನಿಲ್ಲುವುದು ಒಂದು ಕೆಲಸ, ತೊಲೆ ಒರಗುವುದು ಇನ್ನೊಂದು. ಅವೆರಡೂ ಕೂಡುವ ಮೂಲೆಯಲ್ಲಿ ಕಟ್ಟಡದ ಬಲಾಬಲ ಗೊತ್ತಾಗುತ್ತದೆ. ಉಡುಪಿನಲ್ಲಿ ಆ ಮೂಲೆಯೇ ಹೆಗಲು. ಬಟ್ಟೆಯ ಭಾರವೆಲ್ಲ ಇಳಿಯುವುದು ಅಲ್ಲಿಂದ. ಆದರೆ ಈ ಕಟ್ಟಡದ ಕಂಬ ಕಲ್ಲುಕಂಬದಂತೆ ನಿಂತಲ್ಲಿ ನಿಲ್ಲುವುದಿಲ್ಲ. ನಡೆಯುತ್ತದೆ, ಬಾಗುತ್ತದೆ, ಕೈಯೆತ್ತಿ ಬಾಡಿಗೆ ಕಾರನ್ನು ಕೂಗುತ್ತದೆ. ಕೈಯೆತ್ತಿದರೂ ಕೋಟು ತನ್ನ ಸ್ಥಾನ ಬಿಟ್ಟು ಕದಲಬಾರದು ಎಂಬುದು ಬಾಲೆನ್ಸಿಯಾಗನ ಪಣ. ವಸ್ತ್ರವಿನ್ಯಾಸಕನಾದವನು ರಚನೆಯಲ್ಲಿ ವಾಸ್ತುಶಿಲ್ಪಿಯೂ ಆಕಾರದಲ್ಲಿ ಶಿಲ್ಪಿಯೂ ಬಣ್ಣದಲ್ಲಿ ಚಿತ್ರಕಾರನೂ ಆಗಿರಬೇಕೆಂದು ಆತ ಹೇಳಿದನೆಂದು ಪ್ರತೀತಿ. ಈ ಮೂವರಲ್ಲಿ ಮೊದಲನೆಯವನೇ ಆತನಲ್ಲಿ ಪ್ರಬಲನಾಗಿದ್ದನೆಂಬುದಕ್ಕೆ ಆತನ ಉಡುಪುಗಳೇ ಸಾಕ್ಷಿ.

ಬೆಸ್ತರ ಊರಿನ ಹುಡುಗ

ಸ್ಪೇನ್ ದೇಶದ ಉತ್ತರದ ಕಡಲತೀರದಲ್ಲಿ, ಬಾಸ್ಕ್ ಜನರ ನಾಡಿನಲ್ಲಿ, ಗೆತಾರಿಯ ಎಂಬ ಬೆಸ್ತರ ಊರು. 1895ರ ಜನವರಿಯಲ್ಲಿ ಬಾಲೆನ್ಸಿಯಾಗ ಹುಟ್ಟಿದ್ದು ಅಲ್ಲಿ. ತಂದೆ ಕಡಲನ್ನು ನಂಬಿ ಬದುಕಿದವನು. ಮಗ ಇನ್ನೂ ಬಾಲಕನಾಗಿರುವಾಗಲೇ ತೀರಿಕೊಂಡ. ತಾಯಿ ಮಾರ್ತಿನಾ ಸೂಜಿಯನ್ನು ನಂಬಿ ಸಂಸಾರ ನಡೆಸಿದಳು. ಆ ಊರಿಗೆ ಬೇಸಗೆಯಲ್ಲಿ ಬಂದು ಇರುತ್ತಿದ್ದ ಕಾಸಾ ತೊರೆಸ್ ಎಂಬ ಜಮೀನುದಾರೀ ಮನೆತನದವರ ಬಟ್ಟೆಗಳನ್ನು ಆಕೆ ಹೊಲಿಯುತ್ತಿದ್ದಳು. ತಾಯಿಯ ಸೆರಗು ಹಿಡಿದು ಆ ದೊಡ್ಡ ಮನೆಗೆ ಹೋಗುತ್ತಿದ್ದ ಹುಡುಗನ ಕಣ್ಣು ಅಲ್ಲಿಯ ಒಡತಿಯ ಪ್ಯಾರಿಸ್ ಉಡುಪುಗಳ ಮೇಲೆ ನೆಟ್ಟಿತು. ಅವುಗಳಲ್ಲಿ ಒಂದನ್ನು ನೋಡಿ ತಾನೂ ಹಾಗೆಯೇ ಮಾಡಬಲ್ಲೆನೆಂದು ಆತ ಕೇಳಿಕೊಂಡನೆಂದೂ, ಆಕೆ ಬಟ್ಟೆ ಕೊಟ್ಟು ಪ್ರಯತ್ನಿಸಲು ಬಿಟ್ಟಳೆಂದೂ, ಹುಡುಗ ಗೆದ್ದನೆಂದೂ ಕತೆಯಿದೆ. ಅದು ಹೇಗೇ ಇರಲಿ, ಹನ್ನೆರಡನೆಯ ವಯಸ್ಸಿಗೆ ಆತ ಹತ್ತಿರದ ಸಾನ್ ಸೆಬಾಸ್ಟಿಯನ್ ನಗರದಲ್ಲಿ ದರ್ಜಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿದ್ದು ನಿಜ.

ಇದು ಚಿಕ್ಕ ಸಂಗತಿಯಲ್ಲ. ಆ ಕಾಲದ ಪ್ಯಾರಿಸ್ಸಿನ ಹೆಸರಾಂತ ವಿನ್ಯಾಸಕರಲ್ಲಿ ಬಹುಮಂದಿ ಕಾಗದದ ಮೇಲೆ ಚಿತ್ರ ಬರೆದು ಕೊಡುವವರು. ಕತ್ತರಿ ಹಿಡಿಯುವವರು ಬೇರೆ, ಹೊಲಿಯುವವರು ಬೇರೆ. ಬಾಲೆನ್ಸಿಯಾಗ ಅಡಿಪಾಯದಿಂದ ಬಂದವನು. ಬಟ್ಟೆಯನ್ನು ಕೈಯಲ್ಲಿ ಹಿಡಿದು, ಅದು ಹೇಗೆ ಬೀಳುತ್ತದೆ, ಎಲ್ಲಿ ಮಡಿಯಲೊಪ್ಪುವುದಿಲ್ಲ ಎಂಬುದನ್ನು ನೋಡಿಕೊಂಡು ಆಮೇಲೆ ಆಕಾರವನ್ನು ಯೋಚಿಸುವುದು ಆತನ ಕ್ರಮ. ಕಲ್ಲಿನ ಜಾತಿ ನೋಡದೆ ನಕ್ಷೆ ಹಾಕುವ ಸ್ಥಪತಿ ಎಲ್ಲಿಯಾದರೂ ಉಂಟೆ? ಯಾರನ್ನೂ ಸುಲಭವಾಗಿ ಹೊಗಳದ ಕೊಕೊ ಶಾನೆಲ್ ಕೂಡ, ವಿನ್ಯಾಸ ಮಾಡಿ, ಕತ್ತರಿಸಿ, ಜೋಡಿಸಿ, ತನ್ನ ಕೈಯಿಂದಲೇ ಹೊಲಿದು ಮುಗಿಸಬಲ್ಲವನು ಈತನೊಬ್ಬನೇ ಎಂದು ಒಪ್ಪಿಕೊಂಡಿದ್ದಳು. ಪ್ರತಿಯೊಂದು ಋತುವಿನ ಪ್ರದರ್ಶನದಲ್ಲಿಯೂ ಆತ ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಮಾಡಿದ ಒಂದು ಕಪ್ಪು ಉಡುಪು ಇರುತ್ತಿತ್ತೆಂದು ಹೇಳುತ್ತಾರೆ.

1917ರಲ್ಲಿ ಸಾನ್ ಸೆಬಾಸ್ಟಿಯನ್ನಿನಲ್ಲಿ ಸ್ವಂತ ಅಂಗಡಿ. ಮುಂದೆ ಮ್ಯಾಡ್ರಿಡ್, ಬಾರ್ಸಿಲೋನಗಳಲ್ಲಿ ಶಾಖೆಗಳು. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಮರುವರ್ಷವೇ ಆತ ಪ್ಯಾರಿಸ್ಸಿನ ಜಾರ್ಜ್ ಐದನೆಯ ಹೆಸರಿನ ಬೀದಿಯಲ್ಲಿ, ಹತ್ತನೆಯ ಸಂಖ್ಯೆಯ ಕಟ್ಟಡದಲ್ಲಿ, ತನ್ನ ಬಾಗಿಲು ತೆರೆದ. ಆಗ ವಯಸ್ಸು ನಲವತ್ತೆರಡು.

ಗಾಳಿಗೊಂದು ಕೋಣೆ

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಕ್ರಿಸ್ಟಿಯನ್ ದಿಯೋರ್ ಎಂಬ ಹೊಸಬ ತನ್ನ ಮೊದಲನೆಯ ಪ್ರದರ್ಶನದಿಂದಲೇ ಜಗತ್ತನ್ನು ಬೆರಗುಗೊಳಿಸಿದ. ಹಿಡಿಯಲ್ಲಿ ಹಿಡಿಯುವಂಥ ನಡು, ಅದರ ಕೆಳಗೆ ಗಜಗಟ್ಟಲೆ ಬಟ್ಟೆಯ ಲಂಗ. ನೋಡಲು ಅದು ಹೂವಿನಂತೆ. ಆದರೆ ಆ ಹೂವಿನ ತೊಟ್ಟಾಗಲು ಹೆಂಗಸು ನಡುವನ್ನು ಬಿಗಿದು ಕಟ್ಟಿಕೊಳ್ಳಬೇಕಾಗಿತ್ತು. ಕಟ್ಟಡ ಚೆನ್ನಾಗಿ ಕಾಣಲೆಂದು ಕಂಬವನ್ನೇ ಕೆತ್ತಿದಂತೆ.

ಬಾಲೆನ್ಸಿಯಾಗನೂ ಬಿಗಿನಡುವಿನ ಉಡುಪುಗಳನ್ನು ಮಾಡದೆ ಇರಲಿಲ್ಲ. ಆದರೆ ಆತನ ಮನಸ್ಸು ಹರಿದದ್ದು ಬೇರೆ ದಿಕ್ಕಿಗೆ. ಅದೇ 1947ರಲ್ಲಿ ಆತ ಬೆನ್ನಿನ ಕಡೆ ಪೀಪಾಯಿಯಂತೆ ಉಬ್ಬಿದ ಕೋಟುಗಳನ್ನು ತೋರಿಸಿದ. 1951ರಲ್ಲಿ ಮುಂದೆ ಮೈಗೆ ಒಪ್ಪಿ, ಹಿಂದೆ ಸಡಿಲವಾಗಿ ಇಳಿಯುವ ಉಡುಪು ಬಂತು. ಬೆನ್ನಿಗೂ ಬಟ್ಟೆಗೂ ನಡುವೆ ಒಂದು ಬರಿದಾದ ಎಡೆ! ಗೋಡೆಗಳಿಗಿಂತ ಅವು ಸುತ್ತುವರಿದ ಬಯಲೇ ಮನೆಯೆಂಬುದನ್ನು ಬಲ್ಲವರಿಗೆ ಈ ಎಡೆಯ ಬೆಲೆ ಬೇಗ ತಿಳಿದೀತು. ಅದರಲ್ಲಿ ಗಾಳಿ ಆಡುತ್ತದೆ. ನಡೆಯುವಾಗ ಬಟ್ಟೆ ಮೈಯಿಂದ ದೂರ ಸರಿದು ಮತ್ತೆ ಬಳಿ ಬರುತ್ತದೆ. ಉಟ್ಟವಳ ಹೊಟ್ಟೆ ತುಸು ಮುಂದೆ ಬಂದಿದ್ದರೂ ಬೆನ್ನು ಬಾಗಿದ್ದರೂ ನೋಡುವವರ ಕಣ್ಣು ಉಡುಪಿನ ರೇಖೆಯನ್ನು ಹಿಡಿದು ಹೋಗುತ್ತದೆಯೇ ಹೊರತು ಅದರೊಳಗಿನ ಕುಂದನ್ನು ಹುಡುಕುವುದಿಲ್ಲ. ಕೊರಳಪಟ್ಟಿಯನ್ನು ಆತ ಹೆಡಕಿನಿಂದ ಸ್ವಲ್ಪ ಹಿಂದಕ್ಕೆ ನಿಲ್ಲಿಸಿದ. ಗಿಡ್ಡ ಕೊರಳೂ ನೀಳವಾಗಿ ತೋರಿತು. ತೋಳನ್ನು ಮಣಿಕಟ್ಟಿಗಿಂತ ಮೇಲಕ್ಕೇ ನಿಲ್ಲಿಸಿದ; ಬಳೆಗೂ ಕೈಬೆರಳುಗಳ ಚಲನೆಗೂ ಅವಕಾಶವಾಯಿತು. ಇಪ್ಪತ್ತರ ತರುಣಿಯನ್ನು ಚೆಲುವೆಯಾಗಿ ತೋರಿಸುವ ವಿನ್ಯಾಸಕರಿಗೆ ಯಾವ ಕಾಲದಲ್ಲಿಯೂ ಕೊರತೆಯಿಲ್ಲ. ಐವತ್ತು ದಾಟಿದ ಹೆಣ್ಣಿಗೆ ಗಾಂಭೀರ್ಯವನ್ನು ಕೊಡುವ ಉಡುಪನ್ನು ಕಟ್ಟಬಲ್ಲವನು ಅಪರೂಪ.

1957ರಲ್ಲಿ ಆತ ನಡುವಿನ ಗುರುತನ್ನೇ ಅಳಿಸಿಬಿಟ್ಟ. ಹೆಗಲಿನಿಂದ ಮೊಣಕಾಲಿನ ಕಡೆಗೆ ನೇರವಾಗಿ ಇಳಿದು, ಕೆಳಗೆ ತುಸು ಕಿರಿದಾಗುವ ಈ ಉಡುಪಿಗೆ ‘ಚೀಲ’ವೆಂದೇ ಹೆಸರು ಬಿತ್ತು. ಪತ್ರಿಕೆಗಳು ಮನಸಾರ ನಕ್ಕವು. ಗಂಡಸರಿಗಂತೂ ಇದರಷ್ಟು ಕೋಪ ತಂದ ಉಡುಪು ಇನ್ನೊಂದಿಲ್ಲ. ಹೆಂಡತಿ ಗೋಣಿಚೀಲ ತೊಟ್ಟು ಬರುವುದಕ್ಕೆ ಇಷ್ಟು ಹಣ ಸುರಿಯಬೇಕೆ ಎಂಬುದು ಅವರ ವಾದ. ಆದರೆ ಅರವತ್ತರ ದಶಕದಲ್ಲಿ ಯೂರೋಪಿನ, ಅಮೆರಿಕದ ತರುಣಿಯರು ತೊಟ್ಟು ಕುಣಿದ ನೇರ ಇಳುಕಲಿನ ಚಿಕ್ಕ ಉಡುಪುಗಳಿಗೆ ದಾರಿ ಮಾಡಿಕೊಟ್ಟದ್ದು ಆ ಚೀಲವೇ. ಆತನ ಬಳಿ ಸುಮಾರು ಹತ್ತು ವರ್ಷ ದುಡಿದು 1961ರಲ್ಲಿ ಸ್ವತಂತ್ರನಾದ ಆಂದ್ರೆ ಕುರೇಜ್ ಆ ಹೊಸ ಉಡುಪುಗಳ ನಿರ್ಮಾಪಕರಲ್ಲಿ ಪ್ರಮುಖ. ಕುರೇಜ್ ಮೊದಲು ಓದಿದ್ದು ಸೇತುವೆ ರಸ್ತೆಗಳನ್ನು ಕಟ್ಟುವ ಎಂಜಿನಿಯರಿಂಗ್ ಎಂಬುದನ್ನು ಇಲ್ಲಿ ನೆನೆಯಬೇಕು.

ಕಟ್ಟಡ ದೊಡ್ಡದಾದಂತೆ ಅದಕ್ಕೆ ತಕ್ಕ ಸಾಮಗ್ರಿಯೂ ಬೇಕು. ಸಾಮಾನ್ಯ ರೇಷ್ಮೆ ಮೈಗೆ ಅಂಟುತ್ತದೆ, ಇಲ್ಲವೆ ಜೋಲುತ್ತದೆ. ಒಳಗೆ ಕಡ್ಡಿ ಬಳೆಗಳ ಹಂದರವಿಲ್ಲದೆ ಬಟ್ಟೆ ತಾನೇ ತಾನಾಗಿ ನಿಲ್ಲುವಂತಾಗಬೇಕು. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ಏಬ್ರಹಾಂ ಎಂಬ ರೇಷ್ಮೆ ಸಂಸ್ಥೆಯ ಗುಸ್ತಾವ್ ಜುಮ್‌ಸ್ಟೆಗ್, ಬಾಲೆನ್ಸಿಯಾಗನ ಬಯಕೆಯನ್ನು ತಿಳಿದು, 1958ರಲ್ಲಿ ‘ಗಜಾರ್’ ಎಂಬ ಹೊಸ ರೇಷ್ಮೆಯನ್ನು ನೇಯಿಸಿಕೊಟ್ಟ. ಬಿಗಿಯಾಗಿ ಹುರಿಗೊಳಿಸಿದ ಎಳೆಗಳ ಈ ಬಟ್ಟೆ ಹಗುರವಾದರೂ ಗಡಸು. ಮಡಿಸಿದರೆ ಕಾಗದದಂತೆ ನಿಲ್ಲುತ್ತದೆ, ಬಾಗಿಸಿದರೆ ಕಮಾನಾಗುತ್ತದೆ. ಕಾಂಕ್ರೀಟು ಬಂದ ಮೇಲೆ ಕಟ್ಟಡಗಳ ಆಕಾರ ಹೇಗೆ ಬದಲಾಯಿತೋ ಗಜಾರ್ ಬಂದ ಮೇಲೆ ಬಾಲೆನ್ಸಿಯಾಗನ ಉಡುಪುಗಳೂ ಹಾಗೆ ಬದಲಾದವು. 1967ರ ಆತನ ಮದುವೆಯುಡುಪಿನ ಛಾಯಾಚಿತ್ರವನ್ನು ನೋಡಿದವರು ಮರೆಯಲಾರರು. ಜರಿಯಿಲ್ಲ, ಮುತ್ತಿಲ್ಲ, ಕಸೂತಿಯಿಲ್ಲ. ತಲೆಯ ಮೇಲೊಂದು ಬಿಳಿಯ ಮುಸುಕು ಗೂಡು, ಅದರಡಿಯಲ್ಲಿ ಗೋಪುರದಂತೆ ಇಳಿದ ಶುಭ್ರವಾದ ರೇಷ್ಮೆ. ಅದೇ ವರ್ಷದ ಇನ್ನೊಂದು ಕಪ್ಪು ಉಡುಪಿಗೆ ನಾಲ್ಕು ಮೂಲೆಗಳು. ಲಕೋಟೆಯ ತುದಿಗಳಂತೆ ಅವು ಗಾಳಿಯಲ್ಲಿ ಚಾಚಿಕೊಂಡಿವೆ. ಇಂಥದನ್ನು ಉಟ್ಟು ಕುರ್ಚಿಯ ಮೇಲೆ ಕೂರುವುದು ಹೇಗೆಂಬ ಪ್ರಶ್ನೆ ನ್ಯಾಯವಾದದ್ದೇ. ಈ ಕೊನೆಯ ವರ್ಷಗಳಲ್ಲಿ ಕಟ್ಟಡ ಕೆಲವೊಮ್ಮೆ ನಿವಾಸಿಯನ್ನೇ ಮರೆಯಿತೆಂದರೆ ತಪ್ಪಾಗಲಾರದು.

ಅದಕ್ಕಿಂತ 1961ರ ಒಂದು ಕೋಟಿನಲ್ಲಿ ಆತನ ಜಾಣ್ಮೆ ಹೆಚ್ಚು ತೋರುತ್ತದೆ. ಅಗಲ ಪನ್ನದ ಉಣ್ಣೆಯ ಒಂದೇ ತುಂಡು, ಒಂದೇ ಹೊಲಿಗೆ. ಆ ಒಂದೇ ತುಂಡನ್ನು ಸುತ್ತಿ ತಿರುಗಿಸಿ ತೋಳು, ಬೆನ್ನು, ಎದೆ ಎಲ್ಲವನ್ನೂ ಹೊರಡಿಸಿದ್ದಾನೆ.

ಕತ್ತರಿಸದ ಬಟ್ಟೆಯ ಮೇಲಿನ ಈ ಮೋಹ ಆತನನ್ನು ಒಮ್ಮೆ ನಮ್ಮ ಸೀರೆಯ ಬಳಿಗೂ ಕರೆತಂದಿತು. ಅರವತ್ತರ ದಶಕದಲ್ಲಿ ಆತ ಸೀರೆಯ ಸೆರಗನ್ನೂ ನಿರಿಗೆಯನ್ನೂ ಅನುಸರಿಸಿದ ಸಂಜೆಯುಡುಪುಗಳನ್ನು ರಚಿಸಿದ. ಚೆಲುವಾದ ರಚನೆಗಳೇ, ಆದರೂ ಅಲ್ಲಿ ನಿರಿಗೆಯನ್ನು ಹೊಲಿಗೆ ಹಿಡಿದು ನಿಲ್ಲಿಸಬೇಕು, ಸೆರಗು ಜಾರದಂತೆ ಒಳಗೆ ಕಟ್ಟಬೇಕು. ನಮ್ಮ ಹೆಣ್ಣುಮಕ್ಕಳು ಬೆಳಗಾದರೆ ಐದು ನಿಮಿಷದಲ್ಲಿ, ಒಂದು ಕಣ್ಣನ್ನು ಒಲೆಯ ಮೇಲಿನ ಹಾಲಿನ ಕಡೆ ಇಟ್ಟುಕೊಂಡೇ, ಇದನ್ನೆಲ್ಲ ಒಂದು ಹೊಲಿಗೆಯೂ ಇಲ್ಲದೆ ಕಟ್ಟಿ ಮುಗಿಸುತ್ತಾರೆ.

ಗೋಡೆಯೊಳಗಿನ ಗುಟ್ಟು

ಆತನ ಮಳಿಗೆಯಲ್ಲಿ ದೇವಾಲಯದ ಮೌನವಿತ್ತೆಂದು ಹೋಗಿ ಬಂದವರು ಬರೆದಿದ್ದಾರೆ. ಪ್ರದರ್ಶನಕ್ಕೆ ಸಂಗೀತವಿಲ್ಲ, ರೂಪದರ್ಶಿಯರ ಮುಖದಲ್ಲಿ ನಗುವಿಲ್ಲ. ಯಜಮಾನ ಪರದೆಯ ಹಿಂದೆಯೇ ಇದ್ದು, ಎಷ್ಟು ಚಪ್ಪಾಳೆ ಬಿದ್ದರೂ ಹೊರಗೆ ಬರುತ್ತಿರಲಿಲ್ಲ. ಆತನನ್ನು ದಿಯೋರ್ ತಮ್ಮೆಲ್ಲರ ಗುರುವೆಂದು ಕರೆದ. ಬಂದ ಹೆಂಗಸರೋ ಶ್ರೀಮಂತರಲ್ಲಿ ಶ್ರೀಮಂತರು. ಮೋನಾ ಬಿಸ್ಮಾರ್ಕ್ ಎಂಬಾಕೆ ತೋಟದ ಕೆಲಸಕ್ಕೆ ತೊಡುವ ಚಡ್ಡಿಯನ್ನೂ ಆತನಲ್ಲಿಯೇ ಹೊಲಿಸುತ್ತಿದ್ದಳಂತೆ!

ಹೊರಗೆ ಇಷ್ಟು ಸರಳವಾಗಿ ತೋರುವ ಉಡುಪುಗಳು ಹೇಗೆ ನಿಲ್ಲುತ್ತವೆಂಬ ಕುತೂಹಲ ಬಹಳ ಕಾಲ ಉಳಿದಿತ್ತು. 2017ರಲ್ಲಿ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಆತನ ಉಡುಪುಗಳ ಪ್ರದರ್ಶನವನ್ನು ಏರ್ಪಡಿಸಿದಾಗ, ನಿಕ್ ವೀಸೀ ಎಂಬ ಕಲಾವಿದ ಕೆಲವನ್ನು ಎಕ್ಸ್‌ರೇ ಹಿಡಿದು ನೋಡಿದ. ರೇಷ್ಮೆ ಮಾಯವಾಗಿ ಒಳಗಿನ ಅಸ್ಥಿಪಂಜರ ಕಾಣಿಸಿತು. ಗಜಾರ್ ಬರುವುದಕ್ಕೆ ಮುಂಚಿನ ದೊಡ್ಡ ಗೌನುಗಳಲ್ಲಿ ಎದೆಯ ಭಾಗಕ್ಕೆ ಆಧಾರವಾಗಿ ಕಡ್ಡಿಗಳು, ಲಂಗವನ್ನು ಅರಳಿಸಲು ಬಳೆಗಳು. ಇನ್ನು ಕೆಲವೆಡೆ, ಬಟ್ಟೆ ಎಲ್ಲಿ ಎಷ್ಟು ಇಳಿಯಬೇಕೋ ಅಷ್ಟೇ ಇಳಿಯುವಂತೆ ಲೆಕ್ಕ ಹಾಕಿ ಇಟ್ಟ ಪುಟ್ಟ ಭಾರದ ಬಿಲ್ಲೆಗಳು. ನೋಡಿದವರಿಗೆ ಗಾಳಿಯಲ್ಲಿ ತಾನೇ ತೇಲುತ್ತಿರುವಂತೆ ಕಂಡದ್ದೆಲ್ಲ ತೂಕಹಾಕಿ ನಿಲ್ಲಿಸಿದ್ದು.

ಬಾಗಿಲು ಮುಚ್ಚಿದ್ದು

ಒಬ್ಬೊಬ್ಬಳ ಮೈಗೆ ಬೇರೆ ಬೇರೆಯಾಗಿ ಅಳೆದು, ಮೂರು ನಾಲ್ಕು ಸಲ ತೊಡಿಸಿ ನೋಡಿ, ಕೈಯಿಂದ ಹೊಲಿಯುವ ಕಾಲ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ಸಿದ್ಧ ಉಡುಪಿನ ಅಂಗಡಿಗಳು ಎಲ್ಲೆಲ್ಲೂ ತಲೆಯೆತ್ತಿದವು. ಇತರರು ಅದಕ್ಕೆ ಹೊಂದಿಕೊಂಡರು. ತಮ್ಮ ಹೆಸರಿನ ಚೀಟಿ ಅಂಟಿಸಿ ಸಾವಿರಗಟ್ಟಲೆ ಮಾರಿದರು. ಹಾಗೆ ಮಾಡುವುದಕ್ಕೆ ಬಾಲೆನ್ಸಿಯಾಗನಿಗೆ ಮನಸ್ಸಾಗಲಿಲ್ಲ. ಏರ್ ಫ್ರಾನ್ಸ್ ಸಂಸ್ಥೆಯ ವಿಮಾನ ಪರಿಚಾರಿಕೆಯರಿಗೆ ಸಮವಸ್ತ್ರ ರಚಿಸಿಕೊಟ್ಟದ್ದೇ ಆತ ಬಹುಜನರಿಗಾಗಿ ಮಾಡಿದ ದೊಡ್ಡ ಕೆಲಸ. ಪ್ಯಾರಿಸ್ಸಿನ ಬೀದಿಗಳಲ್ಲಿ ವಿದ್ಯಾರ್ಥಿಗಳ ದಂಗೆ ಎದ್ದ 1968ನೆಯ ವರ್ಷವೇ ಆತ ತನ್ನ ಮಳಿಗೆಯನ್ನು ಮುಚ್ಚಿಬಿಟ್ಟ. ದಶಕಗಳ ಕಾಲ ಆತನ ಮೌನಕ್ಕೆ ಹೊಂದಿಕೊಂಡು ದುಡಿದ ಹೊಲಿಗೆಯ ಹೆಂಗಸರು ಬೇರೆ ಬಾಗಿಲುಗಳನ್ನು ಹುಡುಕಬೇಕಾಯಿತು. ಸುದ್ದಿ ಕೇಳಿದ ಮೋನಾ ಬಿಸ್ಮಾರ್ಕ್ ಮೂರು ದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲವೆಂದು ಡಯಾನಾ ವ್ರೀಲೆಂಡ್ ಹೇಳಿದ್ದಾಳೆ. ಉಡುಪಿಗಾಗಿ ಇಷ್ಟು ಶೋಕವೇ ಎಂದು ನಗುವವರು ನಗಬಹುದು. ಹುಟ್ಟಿ ಬೆಳೆದ ಮನೆಯನ್ನು ಕೆಡವಿದಾಗ ಅತ್ತವರಿಗೆ ಅಷ್ಟು ಬೇಗ ನಗು ಬರಲಾರದು.

ಜೀವಮಾನವಿಡೀ ಪತ್ರಿಕೆಯವರಿಂದ ದೂರವಿದ್ದವನು 1971ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯೊಡನೆ ಮಾತನಾಡಿದಾಗ, ತನ್ನದು ನಾಯಿಪಾಡಿನ ಬದುಕಾಗಿತ್ತೆಂದ. 1972ರ ಮಾರ್ಚಿಯಲ್ಲಿ ಮ್ಯಾಡ್ರಿಡ್ಡಿನಲ್ಲಿ ನಡೆದ ಒಂದು ಮದುವೆಗಾಗಿ ವಧುವಿನ ಉಡುಪು ಮಾಡಿಕೊಟ್ಟು, ಅದೇ ತಿಂಗಳಲ್ಲಿ ತೀರಿಕೊಂಡ. ಆತನ ಹೆಸರಿನ ಸಂಸ್ಥೆ ಅನ್ಯರ ಕೈಗೆ ಹೋಗಿ ಇಂದಿಗೂ ನಡೆಯುತ್ತಿದೆ. ಬೂಟುಗಳಿಂದಲೂ ಕೈಚೀಲಗಳಿಂದಲೂ ಅದನ್ನು ಬಲ್ಲ ತರುಣರೇ ಈಗ ಹೆಚ್ಚು. ಅಳತೆ ಹಿಡಿದು ಹೊಲಿಯುವ ವಿಭಾಗವನ್ನು ಅದು 2021ರಲ್ಲಿ, ಐವತ್ತಮೂರು ವರ್ಷಗಳ ಅನಂತರ, ಅದೇ ಹತ್ತನೆಯ ಸಂಖ್ಯೆಯ ಕಟ್ಟಡದಲ್ಲಿ ಮತ್ತೆ ತೆರೆಯಿತು.

ಗೆತಾರಿಯದಲ್ಲಿ 2011ರಿಂದ ಬಾಲೆನ್ಸಿಯಾಗನ ಹೆಸರಿನ ವಸ್ತುಸಂಗ್ರಹಾಲಯವಿದೆ. ಅದನ್ನು ಕಟ್ಟಿರುವುದು ಹಿಂದೆ ಕಾಸಾ ತೊರೆಸ್ ಮನೆತನದವರು ಬೇಸಗೆಯನ್ನು ಕಳೆಯುತ್ತಿದ್ದ ಆಲ್ದಮಾರ್ ಅರಮನೆಗೆ ಸೇರಿಸಿ. ತಾಯಿ ಮಾರ್ತಿನಾ ಬಟ್ಟೆಯ ಗಂಟು ಹಿಡಿದು ಹೋಗುತ್ತಿದ್ದ ಆ ಆವರಣದಲ್ಲಿ, ಮಂದ ಬೆಳಕಿನ ಗಾಜಿನ ಹಿಂದೆ, ಮಗ ಮಾಡಿದ ಉಡುಪುಗಳು ಬೊಂಬೆಗಳ ಮೇಲೆ ಸಾಲಾಗಿ ನಿಂತಿವೆ.